ಪೋಲೆಂಡಿನ "ಆಪ್ಟ್" ಊರಿನಲ್ಲಿ ಯಹೂದಿ ಪೂರ್ವಜರ ಗುರುತು ಹುಡುಕುವುದು ಹೇಗೆ? ಹೋಗುವ ಮುನ್ನ ಏನೇನು ಬೇಕು?

ಬೇರುಬಿಳಲು ಕೇಳಿದ್ದು:

ಕೈಯಲ್ಲಿರುವುದು ಎರಡೇ ಆಧಾರ. ಒಂದು, 1912ರಲ್ಲಿ ನ್ಯೂಯಾರ್ಕ್ ತಲುಪಿದ ಹಡಗಿನ ಪ್ರಯಾಣಿಕರ ಪಟ್ಟಿ. ಅದರಲ್ಲಿ ವಯಸ್ಸು 23, ಹುಟ್ಟೂರು "ಆಪ್ಟ್, ರಾದೊಮ್". ಇನ್ನೊಂದು, ಅದೇ ವ್ಯಕ್ತಿಯ ಅಮೆರಿಕದ ಸಮಾಧಿಕಲ್ಲಿನ ಫೋಟೊ. ಹೀಬ್ರೂ ಬರಹದಲ್ಲಿ ತಂದೆಯ ಹೆಸರು "ತ್ಸ್ವಿ" ಎಂದಿದೆ. ಈಗಿನ ನಕ್ಷೆಯಲ್ಲಿ ಆಪ್ಟ್ ಅನ್ನೋ ಊರು ಸಿಗುತ್ತಿಲ್ಲ. ಊರು ಯಾವುದು, ಜನನ ದಾಖಲೆ ಎಲ್ಲಿರುತ್ತೆ, ಅಲ್ಲಿ ಹೋದರೆ ಮುತ್ತಜ್ಜನ ಕಾಲದ ಸಮಾಧಿ ಸಿಗಬಹುದಾ, ಎಷ್ಟು ದಿನ ಇಟ್ಟುಕೊಳ್ಳಬೇಕು? ಪೋಲಿಷ್ ಬರುವುದಿಲ್ಲ, ಹೀಬ್ರೂ ಅಕ್ಷರವೂ ಗೊತ್ತಿಲ್ಲ.

---

ಹಳೇಕಡತ ಉತ್ತರ:

ಆಪ್ಟ್ ಎಂಬುದು ಯಿಡ್ಡಿಷ್ ಹೆಸರು, ಅಂದರೆ ಪೂರ್ವ ಯುರೋಪಿನ ಯಹೂದಿಗಳ ಮಾತಿನದು. ಪೋಲಿಷ್‌ನಲ್ಲಿ ಊರಿನ ಹೆಸರು ಒಪಾತುಫ್, ಶ್ವೆಂತೊಕ್ಶಿಸ್ಕಿ ಪ್ರಾಂತ್ಯದಲ್ಲಿದೆ. ಇಂಥ ಊರುಗಳು ಬೇಕಾದಷ್ಟಿವೆ: ಗುರಾ ಕಲ್ವಾರಿಯಾ ಯಹೂದಿಗಳ ಬಾಯಲ್ಲಿ "ಗೇರ್", ನೋವಿ ಸೊಂಚ್ "ತ್ಸಾನ್ಜ್", ಜೆಶುಫ್ "ರೈಶೆ". ಹಡಗಿನ ಗುಮಾಸ್ತ ಕಿವಿಗೆ ಬಿದ್ದದ್ದನ್ನು ಬರೆದಿರುತ್ತಾನೆ, ಹಾಗಾಗಿ ಮೊದಲು ಜ್ಯೂಯಿಷ್‌ಜೆನ್ ಎಂಬ ಯಹೂದಿ ವಂಶಾವಳಿ ತಾಣದ ಊರುಗಳ ಹುಡುಕಾಟದಲ್ಲಿ ಉಚ್ಚಾರಣೆ ಹಾಕಿ ನೋಡುವುದು ಸರಿಯಾದ ದಾರಿ.

ಆದರೆ "ಒಪಾತುಫ್" ಅಂತ ಸಿಕ್ಕ ಕೂಡಲೇ ಟಿಕೆಟ್ ತೆಗೆಯಬೇಡಿ. ಅದೇ ಹೆಸರಿನ ಊರು ಕ್ವೊಬುತ್ಸ್ಕ್ ಕಡೆ ಒಂದಿದೆ, ಕೆಂಪ್ನೊ ಹತ್ತಿರ ಇನ್ನೊಂದಿದೆ. ಕಾಲಿಶ್ ಬಳಿ ಒಪಾತುವೆಕ್, ವಿಸ್ತುಲಾ ದಂಡೆಯಲ್ಲಿ ಒಪಾತೊವಿಯೆತ್ಸ್ ಬೇರೆ. ನಿಮ್ಮ ಪಟ್ಟಿಯಲ್ಲಿ "ರಾದೊಮ್" ಇದೆಯಲ್ಲ, ಅದೇ ಕೀಲಿ. ಅದು ರಾದೊಮ್ ನಗರವಲ್ಲ, ರಷ್ಯನ್ ಆಳ್ವಿಕೆಯ ರಾದೊಮ್ ಗುಬೇರ್ನಿಯಾ, ಅಂದರೆ ಪ್ರಾಂತ್ಯ. ಸಾಂದೊಮಿಯೆಶ್ ಹತ್ತಿರದ ಒಪಾತುಫ್ ಆ ಪ್ರಾಂತ್ಯದ್ದೇ. ಇದನ್ನು ಗಮನಿಸದೆ ರಾದೊಮ್ ನಗರದ ಪುಸ್ತಕಗಳಲ್ಲಿ ವರ್ಷಗಟ್ಟಲೆ ಹುಡುಕುವವರಿದ್ದಾರೆ.

ಈಗ ದಾಖಲೆ. ಈ ಭಾಗ 1809ರವರೆಗೆ ಆಸ್ಟ್ರಿಯಾದ ಕೈಯಲ್ಲಿತ್ತು, ಆಮೇಲೆ ನೆಪೋಲಿಯನ್ ಕಟ್ಟಿದ ವಾರ್ಸಾ ಡಚಿ ಎಂಬ ಸಂಸ್ಥಾನಕ್ಕೆ ಸೇರಿತು. ಹಾಗಾಗಿ ನೆಪೋಲಿಯನ್ ಮಾದರಿಯ ಜನನ, ಮದುವೆ, ಮರಣ ದಾಖಲೆ ಇಲ್ಲಿ 1810ರಿಂದ ಶುರು. 1825ರವರೆಗೆ ಯಹೂದಿಗಳನ್ನೂ ಕ್ಯಾಥೊಲಿಕ್ ಪ್ಯಾರಿಷ್‌ನ ಪುಸ್ತಕದಲ್ಲೇ ಬರೆದರು. 1826ರಿಂದ ಪ್ರತ್ಯೇಕ ಯಹೂದಿ ಪುಸ್ತಕ. 1868ರವರೆಗೆ ಪೋಲಿಷ್ ಭಾಷೆ, ಅಲ್ಲಿಂದ ಮೊದಲ ಮಹಾಯುದ್ಧದ ಕಾಲದವರೆಗೆ ರಷ್ಯನ್. 1912ರಲ್ಲಿ 23 ವರ್ಷ ಅಂದರೆ ಹುಟ್ಟಿದ್ದು 1889ರ ಆಸುಪಾಸು, ನಿಮಗೆ ಬೇಕಾದದ್ದು ರಷ್ಯನ್ ಕೈಬರಹದ ಪುಟ.

ಮೊದಲ ಹೆಜ್ಜೆ ಜೆಆರ್‌ಐ ಪೋಲೆಂಡ್ ಎಂಬ, ಪೋಲೆಂಡಿನ ಯಹೂದಿ ದಾಖಲೆಗಳ ಆನ್‌ಲೈನ್ ಸೂಚಿ. ಅಲ್ಲಿ ಹೆಸರು, ವರ್ಷ, ದಾಖಲೆ ಸಂಖ್ಯೆ ಸಿಗುತ್ತದೆ. ಆ ಸಂಖ್ಯೆ ಹಿಡಿದು ಪೋಲೆಂಡ್ ರಾಜ್ಯ ಪತ್ರಾಗಾರಗಳ "ಶುಕಾಯ್ ವ್ ಅರ್ಖಿವಾಖ್" ತಾಣದಲ್ಲಿ ಆ ವರ್ಷದ ಪುಸ್ತಕದ ಸ್ಕ್ಯಾನ್ ತೆರೆಯಿರಿ, ನೋಡಲು ದುಡ್ಡು ಕೊಡಬೇಕಿಲ್ಲ. ಅಲ್ಲಿಲ್ಲದಿದ್ದರೆ ಫ್ಯಾಮಿಲಿಸರ್ಚ್‌ನಲ್ಲಿ ಹಳೆಯ ಮೈಕ್ರೋಫಿಲ್ಮ್ ಇದೆಯೇ ನೋಡಿ. ಪುಸ್ತಕದ ಕೊನೆಯಲ್ಲಿ ಆ ವರ್ಷದ ಹೆಸರುಗಳ ಸೂಚಿ ಇರುತ್ತದೆ. ಮೊದಲು ಸೂಚಿ, ಆಮೇಲೆ ಪುಟ. ತಲೆಯಿಂದ ಓದುತ್ತಾ ಹೋದರೆ ಕಣ್ಣು ಹೋಗುತ್ತದೆ, ಹೆಸರು ಸಿಗುವುದಿಲ್ಲ.

ಎಡವುವ ಜಾಗಗಳು:

ಹೆಸರು. ಸಮಾಧಿಕಲ್ಲಿನ "ತ್ಸ್ವಿ" ಸರಕಾರಿ ಪುಸ್ತಕದಲ್ಲಿ ಬಹುಶಃ "ಹೆರ್ಶ್" ಅಥವಾ "ಹೆರ್ಶೆಕ್". ತ್ಸ್ವಿ ಹೆರ್ಶ್, ಆರ್ಯೆ ಲೈಬ್, ಡೋವ್ ಬೇರ್, ಝೇವ್ ವೋಲ್ಫ್ ಇವೆಲ್ಲ ಜೋಡಿ ಹೆಸರುಗಳು. ಕಲ್ಲಿನ ಮೇಲೆ ಹೀಬ್ರೂ, ಕಡತದಲ್ಲಿ ಯಿಡ್ಡಿಷ್. ರಷ್ಯನ್‌ನಲ್ಲಿ "ಹ" ಅಕ್ಷರವಿಲ್ಲ, ಆದ್ದರಿಂದ ಹೆರ್ಶ್ "ಗೆರ್ಶ್" ಆಗಿ "ಗ" ಸಾಲಿನಲ್ಲಿ ಕೂತಿರುತ್ತದೆ. ಕುಲನಾಮ "ಹ"ದಿಂದ ಶುರುವಾದರೂ ಇದೇ ಕಥೆ. ಸೂಚಿಯಲ್ಲಿ ಅಕ್ಷರಶಃ ಹುಡುಕಾಟ ಬಿಟ್ಟು ಡೈಚ್-ಮೊಕೊಟಾಫ್ ಧ್ವನಿ ಹುಡುಕಾಟ ಆರಿಸಿಕೊಳ್ಳಿ. ಸ್ಲಾವಿಕ್ ಮತ್ತು ಯಿಡ್ಡಿಷ್ ಹೆಸರುಗಳಿಗೆಂದೇ ಮಾಡಿದ್ದು ಅದು.

ದಿನಾಂಕ. ರಷ್ಯನ್ ಕಾಲದ ದಾಖಲೆಯಲ್ಲಿ "3/15 ಮೇ" ಎಂಬಂತೆ ಎರಡು ತಾರೀಖು ಇರುತ್ತವೆ. ಮೊದಲನೆಯದು ಜೂಲಿಯನ್, ಎರಡನೆಯದು ಈಗ ಬಳಸುವ ಗ್ರೆಗೋರಿಯನ್. 19ನೇ ಶತಮಾನದಲ್ಲಿ ಅಂತರ 12 ದಿನ, 1900ರ ಮಾರ್ಚ್ ನಂತರ 13 ದಿನ.

ತಡವಾದ ನೋಂದಣಿ. ಹುಟ್ಟಿದ ನಾಲ್ಕಾರು ವರ್ಷಕ್ಕೆ, ಕೆಲವೊಮ್ಮೆ ಸೈನ್ಯ ಸೇರುವ ವಯಸ್ಸಿಗೋ ಮದುವೆ ಹೊತ್ತಿಗೋ ಬರೆಸಿದ್ದುಂಟು. ಅಣ್ಣ ತಮ್ಮ ತಂಗಿ ಮೂವರನ್ನೂ ಒಂದೇ ದಿನ ಸಾಲಾಗಿ ಬರೆಸಿದ ಪುಟಗಳು ಹೇರಳ. ನೀವು 1889 ಮಾತ್ರ ನೋಡಿ ಕೈಬಿಡಬೇಡಿ, 1886ರಿಂದ 1900ರವರೆಗಾದರೂ ಸೂಚಿ ನೋಡಿ. ಹಡಗಿನ ಪಟ್ಟಿಯ ವಯಸ್ಸನ್ನು ನಂಬುವುದೂ ಅಷ್ಟಕ್ಕಷ್ಟೆ.

ಜನನ ದಾಖಲೆ ಸಿಕ್ಕರೆ ಅಲ್ಲಿಗೇ ನಿಲ್ಲಬೇಡಿ. ತಂದೆ ತಾಯಿಯ ಮದುವೆಯ ಲಗತ್ತು ಕಾಗದಗಳು ಉಳಿದಿದ್ದರೆ ಅವು ಚಿನ್ನ. ಪೋಲಿಷ್‌ನಲ್ಲಿ "ಅನೆಕ್ಸಿ" ಅಥವಾ "ಅಲೆಗಾತಾ" ಎನ್ನುತ್ತಾರೆ. ವರ ಬೇರೆ ಊರಿನವನಾದರೆ ಆ ಊರಿನ ಜನನ ಪ್ರತಿ ಅದರಲ್ಲೇ ಇರುತ್ತದೆ, ಹಾಗೆ ಇನ್ನೊಂದು ತಲೆಮಾರಿನ ಊರು ತಾನಾಗಿ ತೆರೆದುಕೊಳ್ಳುತ್ತದೆ. ಇನ್ನೊಂದು "ಕ್ಷಿಯೆಂಗಿ ಲುದ್ನೋಶ್ಚಿ", ನಿವಾಸಿಗಳ ಪುಸ್ತಕ. ಮನೆ ಸಂಖ್ಯೆವಾರು ಇಡೀ ಕುಟುಂಬ, ಎಲ್ಲಿಂದ ಬಂದರು, ತಾಯಿಯ ತವರಿನ ಹೆಸರು ಎಲ್ಲ ಒಂದೇ ಸಾಲಿನಲ್ಲಿ. ಇದು ಎಲ್ಲ ಊರಿಗೂ ಉಳಿದಿಲ್ಲ. ಉಳಿದಿದ್ದರೆ ಮೊದಲು ಅದನ್ನೇ ನೋಡಿ.

---

ದಾರಿನಕ್ಷೆ ಉತ್ತರ:

ಹಳೇಕಡತ ಅವರ ಮಾತಿಗೆ ಪ್ರಯಾಣದ ಭಾಗ ಸೇರಿಸುತ್ತೇನೆ. ಒಪಾತುಫ್‌ಗೆ ರೈಲಿಲ್ಲ. ರೈಲು ನಿಲ್ದಾಣ ಇರುವುದು ಒಸ್ತ್ರೊವಿಯೆತ್ಸ್ ಮತ್ತು ಸಾಂದೊಮಿಯೆಶ್‌ನಲ್ಲಿ, ಅಲ್ಲಿಂದ ಬಸ್ಸು. ಸಾಂದೊಮಿಯೆಶ್ ಸುಮಾರು 30 ಕಿ.ಮೀ. ಬಾಡಿಗೆ ಕಾರು ಸಿಕ್ಕರೆ ತಾಪತ್ರಯ ಕಮ್ಮಿ, ಭಾನುವಾರ ಸಣ್ಣ ಊರುಗಳ ನಡುವೆ ಬಸ್ಸು ಕಾಣುವುದು ಅಪರೂಪ.

ತಂಗುವುದು ಒಪಾತುಫ್‌ನಲ್ಲಲ್ಲ, ಸಾಂದೊಮಿಯೆಶ್‌ನಲ್ಲಿ. ಕಾರಣ, ಕಿಯೆಲ್ತ್ಸೆ ರಾಜ್ಯ ಪತ್ರಾಗಾರದ ಶಾಖೆ ಅಲ್ಲಿದೆ, ಒಪಾತುಫ್ ಸೀಮೆಯ ಕಡತಗಳಿಗೆ ಅದೇ ಜಾಗ. ಆ ಶಾಖೆ ದಶಕಗಳಿಂದ ಇರುವುದು ಊರಿನ ಹಳೆಯ ಸಿನಗಾಗ್ ಕಟ್ಟಡದಲ್ಲಿ. ಯಹೂದಿ ಕುಟುಂಬದ ಕಾಗದ ಹುಡುಕುತ್ತಾ ಪ್ರಾರ್ಥನಾ ಮಂದಿರದೊಳಗೇ ಕೂರುವ ಸಂದರ್ಭ ಬೇರೆಲ್ಲೂ ಸಿಗಲಿಕ್ಕಿಲ್ಲ. ವಾಚನಾಲಯದ ವಿಳಾಸ, ಸಮಯ ಎರಡನ್ನೂ ಹೊರಡುವ ವಾರ ಇಮೇಲ್‌ನಲ್ಲಿ ಖಚಿತ ಮಾಡಿಕೊಳ್ಳಿ.

ಪತ್ರಾಗಾರದ ರೀತಿ ಹೀಗೆ. ಶನಿವಾರ ಭಾನುವಾರ ಬಾಗಿಲಿಲ್ಲ. ಮೇ 1, ಮೇ 3, ಆಗಸ್ಟ್ 15, ನವೆಂಬರ್ 1, ನವೆಂಬರ್ 11 ರಜೆ. ಅವುಗಳ ಅಕ್ಕಪಕ್ಕದ ದಿನವೂ ಕೆಲವೊಮ್ಮೆ ಮುಚ್ಚಿರುತ್ತದೆ. ಬೇಕಾದ ಕಟ್ಟುಗಳ ಸಂಖ್ಯೆ ಮೊದಲೇ ಕಳಿಸಿ ಆಸನ ಕಾದಿರಿಸಬೇಕು. ಸಂಖ್ಯೆ ಅಂದರೆ ಮೂರು ಭಾಗ: ಪತ್ರಾಗಾರ, ಸಂಗ್ರಹ, ಕಟ್ಟು. ಮೂರೂ "ಶುಕಾಯ್ ವ್ ಅರ್ಖಿವಾಖ್" ತಾಣದಲ್ಲೇ ಇವೆ, ಹಾಗೇ ನಕಲು ಮಾಡಿ. ಪಾಸ್‌ಪೋರ್ಟ್ ತೋರಿಸಿ ಓದುಗರ ಫಾರ್ಮ್ ತುಂಬಿಸಿಕೊಳ್ಳುತ್ತಾರೆ. ಫ್ಲ್ಯಾಶ್ ಇಲ್ಲದೆ ನಿಮ್ಮದೇ ಫೋನಿನಲ್ಲಿ ಫೋಟೊ ತೆಗೆಯಬಹುದು, ಅದಕ್ಕೆ ಶುಲ್ಕವಿಲ್ಲ.

ಬಹಳ ಜನರಿಗೆ ಗೊತ್ತಿಲ್ಲದ ಒಂದು ವಿಷಯ: ಸ್ಕ್ಯಾನ್ ಆದ ಪುಸ್ತಕದ ಮೂಲ ಪ್ರತಿಯನ್ನು ಸಾಮಾನ್ಯವಾಗಿ ಕೈಗೆ ಕೊಡುವುದಿಲ್ಲ, ಅಲ್ಲಿನ ಕಂಪ್ಯೂಟರಿನಲ್ಲಿ ಅದೇ ಸ್ಕ್ಯಾನ್ ತೋರಿಸುತ್ತಾರೆ. ಅಷ್ಟಕ್ಕೆ ಅಷ್ಟು ದೂರ ಹೋಗಬೇಕಿಲ್ಲ. ಸ್ಕ್ಯಾನ್ ಆಗದೇ ಉಳಿದದ್ದಕ್ಕೆ ಹೋಗಿ: ನೋಟರಿ ಪತ್ರಗಳು, ಪುರಸಭೆಯ ಕಡತ, ಆಸ್ತಿ ಪುಸ್ತಕ. ನೋಟರಿ ಪತ್ರಗಳಲ್ಲಿ ಮನೆ ಪಾಲು, ವರದಕ್ಷಿಣೆ ಕರಾರು, ಸಾಲ ಎಲ್ಲ ಇದ್ದು ಕೊನೆಗೆ ಪಕ್ಷದವರ ಸಹಿ. ಹೀಬ್ರೂ ಅಕ್ಷರದಲ್ಲಿ ಮುತ್ತಜ್ಜನ ಕೈಯದೇ ಸಹಿ ನೋಡಬಹುದಾದ ಜಾಗ ಅದು.

100 ವರ್ಷದೊಳಗಿನ ಜನನ, 80 ವರ್ಷದೊಳಗಿನ ಮದುವೆ ಮತ್ತು ಮರಣ ದಾಖಲೆ ಪತ್ರಾಗಾರದಲ್ಲಿ ಸಿಗುವುದಿಲ್ಲ, ಊರಿನ ನೋಂದಣಿ ಕಚೇರಿಯಲ್ಲಿ ಇರುತ್ತವೆ. ಅಲ್ಲಿ ಸಂಕ್ಷಿಪ್ತ ಪ್ರತಿಗೆ 22 ಝ್ಲೊತಿ, ಪೂರ್ಣ ಪ್ರತಿಗೆ 33 ಝ್ಲೊತಿ. ಯಾವಾಗಲೂ ಪೂರ್ಣ ಪ್ರತಿಯನ್ನೇ ಕೇಳಿ, ಸಂಕ್ಷಿಪ್ತದಲ್ಲಿ ವಂಶಾವಳಿಗೆ ಬೇಕಾದದ್ದು ಬಿಟ್ಟುಹೋಗಿರುತ್ತದೆ. ನೇರ ವಂಶಸ್ಥರು ಎಂಬ ಸಾಬೀತಿಗೆ ಮಗನಿಂದ ತಂದೆ, ತಂದೆಯಿಂದ ಅಜ್ಜ ಎಂದು ಕೊಂಡಿ ತಪ್ಪದ ಪ್ರಮಾಣಪತ್ರಗಳು ಬೇಕು. ನಡುವೆ ಒಂದು ಕೊಂಡಿ ಇಲ್ಲದಿದ್ದರೆ ಅರ್ಜಿ ವಾಪಸ್.

ದಿನಗಳ ಲೆಕ್ಕ: ಸಾಂದೊಮಿಯೆಶ್ ಪತ್ರಾಗಾರಕ್ಕೆ ಎರಡು ದಿನ, ಒಪಾತುಫ್‌ಗೆ ಒಂದು ದಿನ, ವಾರ್ಸಾದಲ್ಲಿ ಒಂದು ದಿನ. ವಾರ್ಸಾ ಏಕೆಂದರೆ ತ್ವೊಮಾತ್ಸ್ಕಿಯೆ ಬೀದಿಯ ಯಹೂದಿ ಇತಿಹಾಸ ಸಂಸ್ಥೆಯಲ್ಲಿ ವಂಶಾವಳಿಗೆಂದೇ ವಿಭಾಗವಿದೆ. ಭೇಟಿಗೆ ಮೊದಲೇ ಬರೆದು ಸಮಯ ತೆಗೆದುಕೊಳ್ಳಿ, ನಿಮ್ಮ ಹತ್ತಿರ ಇರುವ ದಾಖಲೆಯನ್ನು ಓದಿ ಮುಂದಿನ ದಾರಿ ಹೇಳುತ್ತಾರೆ.

---

ಕಲ್ಲೋದುಗ ಉತ್ತರ:

ಸಮಾಧಿ ವಿಷಯ ನೇರವಾಗಿ ಹೇಳಿಬಿಡುವುದು ಒಳ್ಳೆಯದು. ಒಪಾತುಫ್‌ನ ಯಹೂದಿ ಸ್ಮಶಾನ ಈಗ ಉದ್ಯಾನ. ಕಲ್ಲುಗಳು ಹೋಗಿವೆ, ಉಳಿದ ಕೆಲವನ್ನು ಒಟ್ಟುಮಾಡಿ ಇಟ್ಟಿದ್ದಾರೆ. ಹಳೆಯ ಸಿನಗಾಗೂ ಇಲ್ಲ. ಜರ್ಮನ್ನರು ಯುದ್ಧಕಾಲದಲ್ಲಿ ಇಂಥ ಕಲ್ಲುಗಳನ್ನು ರಸ್ತೆಗೆ, ಅಂಗಳಕ್ಕೆ ಹಾಸಿದರು. ಎಷ್ಟೋ ಊರುಗಳಲ್ಲಿ ರಸ್ತೆ ಅಗೆದಾಗ ಈಗಲೂ ಮೇಲೆ ಬರುತ್ತವೆ. ಮುತ್ತಜ್ಜನ ಹೆಸರಿನ ಕಲ್ಲು ಸಿಗುತ್ತದೆ ಎಂಬ ನಿರೀಕ್ಷೆ ಇಟ್ಟುಕೊಳ್ಳಬೇಡಿ. ಹಸೀದಿ ಪಂಥದ ಪ್ರಸಿದ್ಧ "ಆಪ್ಟರ್ ರೆಬ್ಬೆ" (ಆಪ್ಟ್‌ನ ಗುರು) ಅವ್ರಹಾಂ ಯೆಹೋಶುವಾ ಹೆಶೆಲ್ ಅವರ ಸಮಾಧಿಯೂ ಇಲ್ಲಿಲ್ಲ. 1825ರಲ್ಲಿ ತೀರಿಕೊಂಡ ಅವರನ್ನು ಹೂತಿದ್ದು ಈಗಿನ ಉಕ್ರೇನ್‌ನ ಮೆಝಿಬಿಝ್‌ನಲ್ಲಿ.

ಕಲ್ಲುಗಳನ್ನು ನೋಡಲೇಬೇಕೆಂದರೆ ಶಿದ್ವೊವಿಯೆತ್ಸ್‌ಗೆ ಹೋಗಿ, ಸುಮಾರು 3,000 ಕಲ್ಲು ಉಳಿದಿರುವ ದೊಡ್ಡ ಸ್ಮಶಾನ ಅಲ್ಲಿದೆ. ಸಾಂದೊಮಿಯೆಶ್‌ನ ಸ್ಮಶಾನದಲ್ಲಿ ಒಡೆದ ಕಲ್ಲುಗಳನ್ನೇ ಜೋಡಿಸಿ ಕಟ್ಟಿದ ಪಿರಮಿಡ್ ಆಕಾರದ ಸ್ಮಾರಕ ಇದೆ. ಕಟ್ಟಡ ನೋಡಬೇಕೆಂದರೆ ಖ್ಮಿಯೆಲ್ನಿಕ್‌ನ ಸಿನಗಾಗ್: ಈಗ ವಸ್ತುಸಂಗ್ರಹಾಲಯ, ನಡುವೆ ಗಾಜಿನ ಬೀಮಾ, ಅಂದರೆ ಧರ್ಮಗ್ರಂಥ ಓದುವ ವೇದಿಕೆ, ಇಟ್ಟಿದ್ದಾರೆ.

ಕಲ್ಲು ಓದಲು ಹೀಬ್ರೂ ಪೂರ್ತಿ ಬರಬೇಕಿಲ್ಲ. ಮೇಲೆ ಎರಡು ಅಕ್ಷರ, ಪೇ ಮತ್ತು ನೂನ್, "ಇಲ್ಲಿ ಹೂಳಲಾಗಿದೆ". ಕೊನೆಯಲ್ಲಿ ಐದು ಅಕ್ಷರದ ಪ್ರಾರ್ಥನಾ ಸಂಕ್ಷೇಪ. ನಡುವೆ "ಬೆನ್" ಅಥವಾ "ಬತ್" ಹುಡುಕಿ, ಇಂಥವರ ಮಗ, ಇಂಥವರ ಮಗಳು. ಅದರ ಹಿಂದಿನ ಹೆಸರು ತೀರಿಕೊಂಡವರದು, ಮುಂದಿನದು ತಂದೆಯದು. 19ನೇ ಶತಮಾನದ ಹಳ್ಳಿ ಕಲ್ಲುಗಳಲ್ಲಿ ಕುಲನಾಮ ಇರದೇ ಇರುವುದೇ ಹೆಚ್ಚು. ಅದಕ್ಕೇ ಮರಣ ದಾಖಲೆಯ ತಾರೀಖು ಮೊದಲೇ ಕೈಯಲ್ಲಿರಬೇಕು. ತಂದೆಯ ಹೆಸರು ಮತ್ತು ತಾರೀಖು ಎರಡೂ ಕೂಡಿದರೆ ಮಾತ್ರ ನಿಮ್ಮವರು ಎನ್ನಬಹುದು. ಚಿತ್ರಗಳೂ ಸುಳಿವು ಕೊಡುತ್ತವೆ: ಹೆಬ್ಬೆರಳು ತಾಗಿದ ಎರಡು ಅಂಗೈ ಇದ್ದರೆ ಕೋಹೆನ್ (ಪುರೋಹಿತ ವಂಶ), ನೀರಿನ ಹೂಜಿ ಇದ್ದರೆ ಲೇವಿ (ಅವರಿಗೆ ನೆರವಾಗುವ ವಂಶ), ಮೇಣದಬತ್ತಿ ಇದ್ದರೆ ಹೆಣ್ಣು, ಮುರಿದ ಮರ ಇದ್ದರೆ ಚಿಕ್ಕ ವಯಸ್ಸಿನ ಸಾವು.

ಯಹೂದಿ ಪಂಚಾಂಗದ ಇಸವಿ ಅಕ್ಷರಗಳಲ್ಲಿರುತ್ತದೆ. ತಾವ್ 400, ಶಿನ್ 300, ರೇಶ್ 200, ಕೂಫ್ 100, ನೂನ್ 50. ಸಾವಿರದ ಅಂಕಿ ಬಿಟ್ಟಿರುತ್ತಾರೆ. ಬಂದ ಮೊತ್ತಕ್ಕೆ 1240 ಕೂಡಿಸಿ. ತಾವ್, ರೇಶ್, ನೂನ್ ಅಂದರೆ 650, ಅಂದರೆ 1890. ತಿಂಗಳು ತಿಶ್ರಿ, ಹೆಶ್ವಾನ್ ಅಥವಾ ಕಿಸ್ಲೇವ್ ಆಗಿದ್ದರೆ ಒಂದು ಕಳೆಯಿರಿ, ಯಾಕೆಂದರೆ ಯಹೂದಿ ಹೊಸ ವರ್ಷ ಸೆಪ್ಟೆಂಬರ್-ಅಕ್ಟೋಬರ್‌ನಲ್ಲೇ ಬರುತ್ತದೆ. ಹೆಚ್ಚಿನ ತಪ್ಪು ಆಗುವುದು ಲೆಕ್ಕದಲ್ಲಲ್ಲ, ಸವೆದ ಅಕ್ಷರದಲ್ಲಿ. ದಾಲೆತ್ ಮತ್ತು ರೇಶ್ ನೋಡಲು ಒಂದೇ, ಬಲಮೂಲೆ ಚೂಪಾಗಿದ್ದರೆ ದಾಲೆತ್, ದುಂಡಗಿದ್ದರೆ ರೇಶ್. ಒಂದರ ಬೆಲೆ 4, ಇನ್ನೊಂದರದು 200. ಹೇ 5, ಹೇತ್ 8, ತಾವ್ 400 ಈ ಮೂರೂ ಕಲಸಿಕೊಳ್ಳುತ್ತವೆ. ಬೇತ್ 2, ಕಾಫ್ 20 ಹಾಗೆಯೇ.

ಅಕ್ಷರ ಎದ್ದು ಕಾಣಲಿ ಅಂತ ಶೇವಿಂಗ್ ಫೋಮ್, ಸೀಮೆಸುಣ್ಣ, ಹಿಟ್ಟು ಬಳಿಯುವವರಿದ್ದಾರೆ. ದಯವಿಟ್ಟು ಬೇಡ. ಮರಳುಗಲ್ಲಿನ ರಂಧ್ರದೊಳಗೆ ಇಳಿದದ್ದು ತೊಳೆದರೂ ಹೋಗುವುದಿಲ್ಲ, ಮುಂದೆ ಮೇಲ್ಪದರವೇ ಚಕ್ಕೆ ಏಳುತ್ತದೆ. ತಂತಿ ಬ್ರಷ್ ಅಂತೂ ಅಕ್ಷರವನ್ನೇ ಒಯ್ಯುತ್ತದೆ. ಬರಿ ನೀರು, ಮೆತ್ತನೆಯ ಬ್ರಷ್, ಪಕ್ಕದಿಂದ ಬೀಳುವ ಬೆಳಕು ಸಾಕು. ಬಿಸಿಲಿದ್ದರೆ ಸಣ್ಣ ಕನ್ನಡಿಯಿಂದ ಕಲ್ಲಿನ ಮೈಗೆ ಓರೆಯಾಗಿ ಬೆಳಕು ಬಿಡಿ. ಮೋಡವಿದ್ದರೆ ಇನ್ನೊಬ್ಬರು ಫೋನಿನ ಟಾರ್ಚನ್ನು ಕಲ್ಲಿನ ಅಂಚಿಗೇ ಹಿಡಿಯಲಿ. ಕೆತ್ತನೆಯೊಳಗೆ ನೆರಳು ತುಂಬಿಕೊಂಡು, ಆಗಷ್ಟೇ ಏನೂ ಇಲ್ಲ ಅನ್ನಿಸಿದ ಸಾಲು ಓದುವ ಹಾಗೆ ಕಾಣುತ್ತದೆ.

ಹೋಗಬಾರದ ದಿನ ಶನಿವಾರ ಮತ್ತು ಯಹೂದಿ ಹಬ್ಬಗಳು. ಗಂಡಸರು ತಲೆ ಮುಚ್ಚಿಕೊಳ್ಳಬೇಕು. ಬಿದ್ದ ಕಲ್ಲನ್ನು ಎತ್ತಿ ನೆಡಲು, ಮಣ್ಣು ಅಗೆಯಲು ಹೋಗಬೇಡಿ. ಹೂತವರ ನೆಲ ಕದಲಿಸುವುದು ಯಹೂದಿ ಧರ್ಮದಲ್ಲಿ ನಿಷಿದ್ಧ. ಬೀಗ ಹಾಕಿದ ಸ್ಮಶಾನಗಳ ಬೀಗದಕೈ ಪುರಸಭೆಯಲ್ಲೋ ಪಕ್ಕದ ಮನೆಯಲ್ಲೋ ಇರುತ್ತದೆ. ಗೇಟಿನ ಫಲಕದಲ್ಲಿ ಫೋನ್ ನಂಬರ್ ಇದ್ದರೂ ಮುಂಚಿತವಾಗಿ ಕೇಳಿಡಿ. ಪೋಲಿನ್ ವಸ್ತುಸಂಗ್ರಹಾಲಯದ "ವರ್ಚುವಲ್ ಶ್ತೆತ್ಲ್" ತಾಣದಲ್ಲಿ ಊರಿನ ಪುಟ ತೆರೆದರೆ ಸ್ಮಶಾನದ ಸ್ಥಿತಿ, ಜಾಗ ಎರಡೂ ಸಿಗುತ್ತವೆ.

---

ಬೇರುಬಿಳಲು:

ಎಲ್ಲರಿಗೂ ಧನ್ಯವಾದ. ಎರಡು ಪ್ರಶ್ನೆ ಉಳಿದವು. 1912ರಲ್ಲಿ ಹೊರಟವರು ಒಬ್ಬರು, ಅಣ್ಣತಮ್ಮಂದಿರು ಅಲ್ಲೇ ಉಳಿದಿರಬೇಕು. ಅವರಿಗೆ ಏನಾಯಿತೆಂದು ತಿಳಿಯುವುದು ಹೇಗೆ? ಮತ್ತೆ, ಸಮಾಧಿ ಇಲ್ಲ, ಸಿನಗಾಗ್ ಇಲ್ಲ ಅಂದರೆ ಒಪಾತುಫ್‌ನಲ್ಲಿ ಒಂದಿಡೀ ದಿನ ಏನು ನೋಡುವುದು?

---

ಹಳೇಕಡತ:

ಮೊದಲ ಪ್ರಶ್ನೆಗೆ. 1942ರ ಅಕ್ಟೋಬರ್‌ನಲ್ಲಿ ಜರ್ಮನ್ನರು ಒಪಾತುಫ್ ಘೆಟ್ಟೊ (ಯಹೂದಿಗಳನ್ನು ಕೂಡಿಹಾಕಿದ ಕೇರಿ) ಖಾಲಿ ಮಾಡಿಸಿ ಸುಮಾರು 6,000 ಜನರನ್ನು ಟ್ರೆಬ್ಲಿಂಕಾ ಹತ್ಯಾಶಿಬಿರಕ್ಕೆ ಸಾಗಿಸಿದರು, ಕೆಲವು ನೂರು ಜನರನ್ನು ಸಾಂದೊಮಿಯೆಶ್‌ನ ಶಿಬಿರಕ್ಕೆ ದುಡಿಮೆಗೆ ಒಯ್ದರು. ಈ ಸಾಗಾಟಗಳ ಹೆಸರುಪಟ್ಟಿ ಇಲ್ಲ. ಪಶ್ಚಿಮ ಯುರೋಪಿನಿಂದ ಹೊರಟ ರೈಲುಗಳಿಗೆ ಪಟ್ಟಿ ಮಾಡಿದ ಹಾಗೆ ಪೋಲೆಂಡಿನ ಊರುಗಳಲ್ಲಿ ಮಾಡಲಿಲ್ಲ. ಆದ್ದರಿಂದ "ಕಡತದಲ್ಲಿ ಹೆಸರಿಲ್ಲ, ಹಾಗಾದರೆ ಬದುಕಿರಬಹುದು" ಎಂಬ ತರ್ಕ ಇಲ್ಲಿ ನಡೆಯುವುದಿಲ್ಲ.

ಇರುವ ದಾರಿಗಳು: ಇಸ್ರೇಲಿನ ಯಹೂದಿ ನರಮೇಧ ಸ್ಮಾರಕ ಸಂಸ್ಥೆ ಯಾದ್ ವಾಶೆಮ್‌ನ ಸಾಕ್ಷ್ಯಪತ್ರಗಳು. ಬಂಧುಗಳೋ ನೆರೆಯವರೋ ಯುದ್ಧದ ನಂತರ ತುಂಬಿಕೊಟ್ಟ ಹಾಳೆಗಳು ಅವು. ಬರೆದುಕೊಟ್ಟವರ ಹೆಸರು, ಸಂಬಂಧ ಗಮನಿಸಿ, ಗೊತ್ತಿಲ್ಲದ ಶಾಖೆ ಅಲ್ಲೇ ಬಯಲಾಗುತ್ತದೆ. ಹುಡುಕುವಾಗ ಊರಿನ ಹೆಸರಿನಿಂದಲೂ ಹುಡುಕಿ, ಬರೀ ಕುಲನಾಮದಿಂದ ಬೇಡ. ಜರ್ಮನಿಯ ಆರೊಲ್ಸೆನ್ ಪತ್ರಾಗಾರ ದುಡಿಮೆ ಶಿಬಿರಗಳಿಗೆ ಹೋದವರಿಗೆ, ಯುದ್ಧಾನಂತರದ ನಿರಾಶ್ರಿತರಿಗೆ ಉಪಯೋಗ. ಬದುಕುಳಿದು ಪೋಲೆಂಡಿನಲ್ಲೇ ನೋಂದಾಯಿಸಿಕೊಂಡವರ ಕಾರ್ಡುಗಳು ವಾರ್ಸಾದ ಅದೇ ಯಹೂದಿ ಇತಿಹಾಸ ಸಂಸ್ಥೆಯಲ್ಲಿವೆ. ಆಪ್ಟ್‌ನ ವಲಸಿಗರು ಸೇರಿ ಮಾಡಿದ ಸ್ಮರಣ ಗ್ರಂಥವೂ ಇದೆ. ಇಂಥ ಗ್ರಂಥಗಳಿಗೆ "ಯಿಝ್ಕೋರ್" ಎಂದು ಹೆಸರು, ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯ ಸಾಕಷ್ಟನ್ನು ಆನ್‌ಲೈನ್ ಇಟ್ಟಿದೆ. ಕೊನೆಯ ಪುಟಗಳ ಹೆಸರುಪಟ್ಟಿ ಮೊದಲು ನೋಡಿ.

ಯುದ್ಧಕ್ಕೆ ಮುಂಚಿನ ಕಸುಬು ತಿಳಿಯಲು 1929ರ ಪೋಲೆಂಡ್ ವಾಣಿಜ್ಯ ವಿಳಾಸಪುಸ್ತಕ. ಊರುವಾರು, ಕಸುಬುವಾರು ಹೆಸರುಗಳು. ದರ್ಜಿ, ಚರ್ಮದ ವ್ಯಾಪಾರಿ, ಧಾನ್ಯದ ವ್ಯಾಪಾರಿ ಸಾಲುಗಳಲ್ಲಿ ನಿಮ್ಮ ಕುಲನಾಮ ಇದ್ದರೆ ಉಳಿದುಕೊಂಡ ಶಾಖೆ 1929ರಲ್ಲೂ ಅಲ್ಲೇ ಇತ್ತು ಎನ್ನಲು ಆಧಾರ.

---

ದಾರಿನಕ್ಷೆ:

ಎರಡನೇ ಪ್ರಶ್ನೆ. ಒಪಾತುಫ್‌ನಲ್ಲಿ ನೋಡುವುದು ಕಟ್ಟಡಕ್ಕಿಂತ ಊರಿನ ವಿನ್ಯಾಸ: ಸಂತೆ ಚೌಕ, ಅಲ್ಲಿಂದ ಕವಲೊಡೆಯುವ ಬೀದಿಗಳು, ಕೋಟೆ ಬಾಗಿಲು, ಸೇಂಟ್ ಮಾರ್ಟಿನ್ ಚರ್ಚು. ಹೋಗುವ ಮುಂಚೆ ಚಿತ್ರಕಾರ ಮೇಯರ್ ಕಿರ್ಷೆನ್‌ಬ್ಲಾಟ್ (ಮೇಯರ್ ಹುದ್ದೆಯಲ್ಲ, ಹೆಸರು) ಅವರ ಚಿತ್ರಗಳನ್ನು ನೋಡಿ. 1916ರಲ್ಲಿ ಆಪ್ಟ್‌ನಲ್ಲೇ ಹುಟ್ಟಿ 1934ರಲ್ಲಿ ಕೆನಡಾಕ್ಕೆ ಹೋದವರು, ಮುಪ್ಪಿನಲ್ಲಿ ಊರನ್ನು ನೆನಪಿನಿಂದಲೇ ಬರೆದರು. ಸಂತೆ, ಅಡುಗೆಮನೆ, ಚಮ್ಮಾರನ ಅಂಗಡಿ ಎಲ್ಲ ಇವೆ. ಗೈಡ್ ಪುಸ್ತಕಕ್ಕಿಂತ ಅವು ಹೆಚ್ಚು ಕೆಲಸಕ್ಕೆ ಬರುತ್ತವೆ.

ನಿವಾಸಿ ಪುಸ್ತಕದಲ್ಲಿ "ಮನೆ 87" ಎಂದಿದ್ದರೆ ಅದು ಈಗಿನ ಬೀದಿಯ 87 ಅಲ್ಲ. ಆಗ ಇಡೀ ಊರಿಗೆ ಒಂದೇ ಸರಣಿ ಸಂಖ್ಯೆ. ಹಳೆಯ ಊರುನಕ್ಷೆ ಅಥವಾ ಆಸ್ತಿ ಪುಸ್ತಕ ಜೊತೆಗಿಟ್ಟು ಹೋಲಿಸದೆ ಯಾವುದೋ ಮನೆ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವುದು ಅರ್ಥವಿಲ್ಲ. ಸುತ್ತಲಿನ ಹಳ್ಳಿ, ರಸ್ತೆಗಳಿಗೆ ಯುದ್ಧಪೂರ್ವದ ಸೈನ್ಯದ 1:1,00,000 ನಕ್ಷೆ "ಮ್ಯಾಪ್‌ಸ್ಟರ್" ತಾಣದಲ್ಲಿ ಉಚಿತ.

ಹಳೆಯ ಮರದ ಬಾಗಿಲು ಕಂಡರೆ ಒಳಹೋಗುವವರ ಬಲಗಡೆ ಚೌಕಟ್ಟನ್ನು ನೋಡಿ, ಭುಜದೆತ್ತರಕ್ಕೆ. ಬೆರಳುದ್ದದ ಓರೆ ಗುಳಿ ಅಥವಾ ಎರಡು ಮೊಳೆತೂತು ಇದ್ದರೆ ಅಲ್ಲಿ ಮೆಝುಝಾ, ಅಂದರೆ ಯಹೂದಿಗಳು ಬಾಗಿಲಿಗೆ ಹೊಡೆಯುವ ಧರ್ಮಗ್ರಂಥದ ಸಾಲುಗಳ ಸಣ್ಣ ಡಬ್ಬಿ, ಇದ್ದಿರಬಹುದು. ಬಣ್ಣದ ನಾಲ್ಕಾರು ಪದರ ಬಿದ್ದಿದ್ದರೂ ಆ ಓರೆ ಗೀಟು ಬೆರಳಿಗೆ ಸಿಗುತ್ತದೆ. ಬಾಗಿಲು ಬದಲಾಯಿಸಿದ ಮನೆಯಲ್ಲಿ ಸಿಗುವುದಿಲ್ಲ, ವರ್ಷ ವರ್ಷ ಅಂಥ ಬಾಗಿಲು ಕಡಿಮೆಯಾಗುತ್ತಿವೆ.

ಕೇಳದೆ ಮುಟ್ಟಬೇಡಿ, ಫೋಟೊ ತೆಗೆಯಬೇಡಿ. ಹೊರದೇಶದವರು ಹಳೇ ಕಾಗದ ಹಿಡಿದು ಬಾಗಿಲು ಬಡಿದರೆ ಆಸ್ತಿ ಕೇಳಲು ಬಂದರು ಎಂಬ ಅನುಮಾನ ಬರುವುದು ಸಹಜ, ಆಮೇಲೆ ಯಾರೂ ಬಾಯಿ ಬಿಡುವುದಿಲ್ಲ. ಮನೆಗಳಿಗೆ ನೇರ ಹೋಗುವ ಬದಲು ಎರಡು ಮೂರು ವಾರ ಮುಂಚೆ ಪುರಸಭೆಗೆ, ಊರಿನ ಗ್ರಂಥಾಲಯಕ್ಕೆ ಪೋಲಿಷ್‌ನಲ್ಲಿ ಐದಾರು ಸಾಲಿನ ಪತ್ರ ಬರೆಯಿರಿ: ಕುಲನಾಮ, ಇಸವಿ, ವಂಶಾವಳಿಗಾಗಿ ಬರುತ್ತಿದ್ದೇವೆ, ಯಾವ ದಿನ ಬರುತ್ತೇವೆ. ಯಂತ್ರಾನುವಾದ ಸಾಕು, ವಾಕ್ಯ ಚಿಕ್ಕದಿರಲಿ. ಸ್ಥಳೀಯ ಇತಿಹಾಸ ಬಲ್ಲ ಮೇಷ್ಟ್ರೋ ಗ್ರಂಥಪಾಲಕರೋ ಒಬ್ಬರು ಸಿಗುವ ಸಂಭವ ಹೆಚ್ಚು, ಅವರ ಜೊತೆ ಹೋದರೆ ಬಾಗಿಲು ತಾನಾಗಿ ತೆರೆಯುತ್ತದೆ. ಇಂಗ್ಲಿಷ್ ಬಲ್ಲ ದುಭಾಷಿಯನ್ನು ಸಾಂದೊಮಿಯೆಶ್ ಅಥವಾ ಕಿಯೆಲ್ತ್ಸೆಯಿಂದಲೇ ಗೊತ್ತು ಮಾಡಿಕೊಂಡು ಹೋಗಿ. ವಾರದ ದಿನವೇ ಹೋಗಿ, ಭಾನುವಾರ ಪುರಸಭೆಯೂ ಇಲ್ಲ, ಗ್ರಂಥಾಲಯವೂ ಇಲ್ಲ.